ಗಾಡಿ ತಳ್ಳಿಕೊಂಡು ಹೋಗುತ್ತಿದ್ದ ಮೇಷ್ಟ್ರು

ಚನ್ನಪಟ್ಟಣದ ನಮ್ಮ ಬೀದಿಯ ತುದಿಯಲ್ಲಿ ಒಂದು ಹಿಟ್ಟಿನ ಗಿರಣಿಯಿದೆ. ಅಲ್ಲಿಗೆ ಬರುತ್ತಿದ್ದಂತೆಯೇ ಚಿಕ್ಕಲಿಂಗಯ್ಯ ಮೇಷ್ಟ್ರು ಸ್ಕೂಟರಿನ ಇಂಜಿನ್ ಆರಿಸಿ ಕೆಳಗಿಳಿಯುತ್ತಿದ್ದರು. ಎರಡೂ ಕೈಯಲ್ಲಿ ಹ್ಯಾಂಡಲ್ ಹಿಡಿದು, ತಲೆ ತಗ್ಗಿಸಿ, ಆ ಹಳೇ ಕಾಲದ ಭಾರದ ಗಾಡಿಯನ್ನು ತಳ್ಳುತ್ತಾ ನಮ್ಮ ಮನೆಯನ್ನು ದಾಟುತ್ತಿದ್ದರು. ಮನೆಯಾಚೆಯ ಬೀದಿ ನಲ್ಲಿ ಸಿಕ್ಕ ಮೇಲೆ ಮತ್ತೆ ಹತ್ತಿ, ಒದ್ದು ಸ್ಟಾರ್ಟ್ ಮಾಡಿ ಕಾಲೇಜಿನ ಕಡೆ ಹೊರಡುತ್ತಿದ್ದರು. ಬೆಳಿಗ್ಗೆ ಹೋಗುವಾಗಲೂ ಹಾಗೇ, ಸಂಜೆ ಬರುವಾಗಲೂ ಹಾಗೇ. ಮಳೆ ಬರುತ್ತಿದ್ದರೂ ಇಳಿಯುತ್ತಿದ್ದರು. ದೊಡ್ಡ ಮನುಷ್ಯರ ಮನೆ ಮುಂದೆ ಹಿಂದಿನವರು ಹಾಗೆ ಇಳಿದು ನಡೆಯುತ್ತಿದ್ದರಂತೆ. ನಮ್ಮದು ಶೀಟಿನ ಮನೆ. ಮುಂದಿನ ಕೋಣೆಯಲ್ಲಿ ಅಪ್ಪ ಮರದ ಆಟಿಕೆಗಳಿಗೆ ಅರಗಿನ ಬಣ್ಣ ಕೊಡುತ್ತಾ ಕೂತಿರುತ್ತಿದ್ದರು. ಅಂಥ ಮನೆ ಮುಂದೆ ಕಾಲೇಜು ಲೆಕ್ಚರರ್ ಒಬ್ಬರು ಬೆವರು ಸುರಿಸುತ್ತಾ ಗಾಡಿ ತಳ್ಳುವುದನ್ನು ಕಿಟಕಿಯಿಂದ ನೋಡಿ ನಾನು ನಾಚಿಕೆಯಿಂದ ಸತ್ತು ಹೋಗುತ್ತಿದ್ದೆ.

ಅವರು ನಮ್ಮ ಪಿಯು ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳುತ್ತಿದ್ದವರು. ಹುಡುಗರೆಲ್ಲ ಸಿ.ಎಲ್. ಸಾರ್ ಎನ್ನುತ್ತಿದ್ದರು; ಅವರು ಮಾತ್ರ ಒಂದು ದಿನವೂ ಸಿ.ಎಲ್. ರಜೆ ಹಾಕಿದವರಲ್ಲ. ಕನಕಪುರದ ಆಚೆ ಉಯ್ಯಂಬಳ್ಳಿ ಕಡೆಯವರು, ಅರ್ಥಶಾಸ್ತ್ರದ ಎಂ.ಎ.ಯನ್ನೂ ಕನ್ನಡ ಮಾಧ್ಯಮದಲ್ಲೇ ಮಾಡಿದವರು. ಊರಿನ ಮಾತನ್ನು ಕ್ಲಾಸಿನಲ್ಲೂ ಬಿಟ್ಟವರಲ್ಲ. "ಒಂದು ಮಾವಿನಣ್ಣು ತಿಂದೆ, ಸಖತ್ತಾಗಿತ್ತು. ಎರಡ್ನೇದು ತಿಂದೆ, ಪರವಾಗಿಲ್ಲ. ಮೂರ್ನೇದು ಕೈಗೆ ಕೊಟ್ರೆ ಹೊಟ್ಟೆ ಏನಂತದೆ? ಸಾಕು ಬುಡಪ್ಪಾ ಅಂತದೆ. ಇದೇ ಕಣ್ರಪ್ಪಾ ಇಳಿಮುಖ ಸೀಮಾಂತ ತುಷ್ಟಿಗುಣ!" ಎಂದು ಮೇಜು ಗುದ್ದುತ್ತಿದ್ದರು. ಬೇಡಿಕೆಯ ರೇಖೆಯನ್ನು ಬೋರ್ಡಿನ ಮೇಲೆ ಬೆರಳಿನಿಂದ ಬರೆಯುತ್ತಿರಲಿಲ್ಲ, ಭುಜದಿಂದ ಬರೆಯುತ್ತಿದ್ದರು. ಸೀಮೆಸುಣ್ಣ ಮೇಲಿನಿಂದ ಕೆಳಗೆ ಜಾರುವಾಗ ಅವರ ಮೈಯೂ ಅದರ ಜೊತೆ ಬಾಗುತ್ತಿತ್ತು. ಅದರ ಅಕ್ಕಪಕ್ಕದಲ್ಲಿ ಅಂಕಿಗಳೇ ಇರುತ್ತಿರಲಿಲ್ಲ. ಕೇಳಿದರೆ ಒಂದೇ ಮಾತು: "ಎಕನಾಮಿಕ್ಸ್ ಅಂದ್ರೆ ಜನಗಳ ಪಾಠ ಕಣವ್ವ, ಲೆಕ್ಕದ ಪಾಠ ಅಲ್ಲ."

ಈ ಮಾತನ್ನು ನಾನು ಮೊದಲು ಕೇಳಿದ್ದು ಕ್ಲಾಸಿನಲ್ಲಲ್ಲ, ಅಡ್ಮಿಷನ್ ದಿನ. ಕಾಮರ್ಸಿನಲ್ಲಿ ನಾಲ್ಕು ವಿಷಯ ಆರಿಸಿಕೊಳ್ಳಬೇಕು. ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ, ಲೆಕ್ಕಶಾಸ್ತ್ರ ಮೂರೂ ಎಲ್ಲರಿಗೂ ಇರುತ್ತವೆ. ನಾಲ್ಕನೆಯದಕ್ಕೆ ಇತಿಹಾಸವನ್ನೋ ಗಣಿತವನ್ನೋ ತೆಗೆದುಕೊಳ್ಳಬಹುದು. ಇತಿಹಾಸ ತೆಗೆದುಕೊಂಡರೆ ಆ ಗುಂಪಿಗೆ ನಾಲ್ಕೂ ವಿಷಯಗಳ ಇಂಗ್ಲಿಷ್ ಮೊದಲಕ್ಷರ ಸೇರಿಸಿ ಎಲ್ಲರೂ ಕರೆಯುವ ಹೆಸರು ಹೆಬಾ. ನಾನು ಎಸ್ಸೆಸ್ಸೆಲ್ಸಿಯಲ್ಲಿ ಗಣಿತದಲ್ಲಿ ಚೆನ್ನಾಗಿಯೇ ಮಾಡಿದ್ದೆ. ಗಣಿತವೇ ಇರಲಿ ಸಾರ್ ಎಂದೆ. ಮೇಷ್ಟ್ರು ನಕ್ಕರು. "ಯಾಕವ್ವ ಇಲ್ದಿರೋ ತಲೆನೋವು? ಹೆಣ್ಮಗು ನೀನು, ನೆಮ್ಮದಿಯಾಗಿ ಹೆಬಾ ತಗೊ. ಕಾಲೇಜ್ಗೇ ಫಸ್ಟ್ ಬತ್ತೀಯ" ಎಂದರು. ಗಣಿತದ ಗುಂಪಿನಲ್ಲಿ ವರ್ಷವರ್ಷವೂ ನಾಲ್ಕಾರು ಜನ ಡುಮ್ಕಿ ಹೊಡೆಯುತ್ತಿದ್ದರು. ನೂರಕ್ಕೆ ನೂರು ಫಲಿತಾಂಶ ಎಂದು ಗೇಟಿನ ಮೇಲೆ ಬ್ಯಾನರ್ ಕಟ್ಟಲು ಆಗುತ್ತಿರಲಿಲ್ಲ. ಅದಕ್ಕೆ ಕಾಲೇಜಿನವರಿಗೆ ಹೆಬಾ ಎಂದರೆ ಪ್ರೀತಿ. ಮೇಷ್ಟ್ರು ಬ್ಯಾನರಿನ ಆಸೆಗೆ ಹೇಳಿದವರಲ್ಲ, ಅದನ್ನು ನಾನು ಎಲ್ಲಿ ಬೇಕಾದರೂ ಆಣೆ ಮಾಡಿ ಹೇಳುತ್ತೇನೆ. ಅವರು ನಿಜವಾಗಿಯೂ ನಂಬಿಕೊಂಡಿದ್ದರು. ನಾನೂ ನಂಬಿ ಹೆಬಾ ತೆಗೆದುಕೊಂಡೆ.

ಕಾಲೇಜಿಗೆ ಫಸ್ಟ್ ಕೂಡ ಬಂದೆ. ಮೇಷ್ಟ್ರು ತಾವೇ ಮೈಸೂರುಪಾಕಿನ ಡಬ್ಬ ಹಿಡಿದು ಮನೆಗೆ ಬಂದು, ಅಪ್ಪನ ಎದುರು ಮಣೆಯ ಮೇಲೆ ಕೂತು, "ಇವ್ಳು ಬಿ.ಕಾಂ. ಅಂತ ಇಲ್ಲೇ ಸುತ್ತಾಡೋ ಹುಡ್ಗಿ ಅಲ್ಲ ಕಣಯ್ಯ. ಬೆಂಗ್ಳೂರಲ್ಲಿ ಎಕನಾಮಿಕ್ಸ್ ಆನರ್ಸ್ ಅಂತ ಐತೆ, ಫೈನಾನ್ಸೂ ಜೊತೆಗೆ ಹೇಳ್ಕೊಡ್ತಾರೆ. ಅದನ್ನ ಓದುದ್ರೆ ದೊಡ್ಡ ದೊಡ್ಡ ಬ್ಯಾಂಕ್‌ನೋರು ಕರ್ದು ಕುರ್ಚಿ ಹಾಕ್ತಾರೆ. ನಾನೇ ಕರ್ಕೊಂಡ್ ಹೋಗಿ ಸೇರಿಸ್ ಬತ್ತೀನಿ" ಎಂದರು. ಅಪ್ಪನಿಗೆ ಎಷ್ಟು ಖುಷಿಯಾಯಿತೆಂದರೆ ಕೈಯಲ್ಲಿದ್ದ ಅರಗಿನ ಕಡ್ಡಿಯನ್ನು ಕೆಳಗಿಡುವುದನ್ನೇ ಮರೆತು ಅಂಗಿಗೆಲ್ಲ ಹಳದಿ ಬಣ್ಣ ಮಾಡಿಕೊಂಡರು.

ಬೆಂಗಳೂರಿಗೆ ಅಪ್ಪ, ಮೇಷ್ಟ್ರು, ನಾನು ಮೂವರೂ ರೈಲಿನಲ್ಲಿ ಹೋದೆವು. ಮೇಷ್ಟ್ರು ತಮ್ಮ ಮದುವೆಯ ಕೋಟು ಹಾಕಿಕೊಂಡಿದ್ದರು. ಹೊಟ್ಟೆಯ ಹತ್ತಿರ ಗುಂಡಿ ಹಾಕಲಾಗುತ್ತಿರಲಿಲ್ಲ. ಆ ಕಾಲೇಜಿನ ಅಡ್ಮಿಷನ್ ಕೌಂಟರಿನಲ್ಲಿ ಹೆಚ್ಚೆಂದರೆ ನನಗಿಂತ ಐದಾರು ವರ್ಷ ದೊಡ್ಡವನಾದ ಒಬ್ಬ ಹುಡುಗ ಕೂತಿದ್ದ. ನನ್ನ ಅಂಕಪಟ್ಟಿಯನ್ನು ನೋಡಿದ, ತಿರುಗಿಸಿದ, ಮತ್ತೆ ನೋಡಿದ.

"ಮ್ಯಾಥ್ಸ್ ಎಲ್ಲಿ?"

"ಇಲ್ಲ ಸಾರ್, ಹಿಸ್ಟರಿ" ಎಂದೆ.

"ಎಕನಾಮಿಕ್ಸ್ ಆನರ್ಸ್‌ಗೆ ಟ್ವೆಲ್ತಲ್ಲಿ ಮ್ಯಾಥ್ಸ್ ಕಂಪಲ್ಸರಿ. ಫೈನಾನ್ಸ್‌ಗೂ ಅಷ್ಟೇ. ಎಂಟ್ರೆನ್ಸೂ ಬರೆಯೋಕಾಗಲ್ಲ. ನೆಕ್ಸ್ಟ್!"

ಮೇಷ್ಟ್ರು ಮುಂದೆ ಬಂದರು. ಕೋಟು ಸರಿಮಾಡಿಕೊಂಡರು. "ಒಂದ್ನಿಮ್ಷ ಸ್ವಾಮಿ. ಎಕನಾಮಿಕ್ಸ್‌ಗೂ ಮ್ಯಾಥ್ಸ್‌ಗೂ ಏನ್ ಸಂಬಂಧ? ಅದು ಜನಗಳ ಪಾಠ. ನಾನೂ ಎಕನಾಮಿಕ್ಸ್ ಲೆಕ್ಚರರ್ರೇ, ಈ ಮಗೂಗೆ ಪಾಠ ಹೇಳಿರೋನೇ ನಾನು" ಎಂದರು.

ಆ ಹುಡುಗ ಜೋರು ಮಾಡಲಿಲ್ಲ, ಗೇಲಿಯನ್ನೂ ಮಾಡಲಿಲ್ಲ. ನಿಜವಾಗಿಯೂ ಅರ್ಥವಾಗದವನಂತೆ ಕೇಳಿದ: "ನೀವು ಲೆಕ್ಚರರ್ರಾ ಸಾರ್? ಮತ್ತೆ ಇವರಿಗೆ ಮೊದಲೇ ಹೇಳಿರಲಿಲ್ವಾ?"

ಕ್ಯೂನಲ್ಲಿ ಹಿಂದೆ ಇದ್ದವರೆಲ್ಲ ನಮ್ಮನ್ನೇ ನೋಡುತ್ತಿದ್ದರು. ನನಗೆ ಅಳು ಬರಬೇಕಿತ್ತು, ಬರಲಿಲ್ಲ. ಮೇಷ್ಟ್ರ ಕುತ್ತಿಗೆಯಿಂದ ಕಿವಿಯವರೆಗೆ ಕೆಂಪೇರುವುದನ್ನು ನೋಡಿ ನನ್ನ ಸೀಟಿನ ಯೋಚನೆಯೇ ಹಾರಿಹೋಯಿತು. ಅಪ್ಪ ಅವರ ಮೊಣಕೈ ಹಿಡಿದು, "ಬನ್ನಿ ಮೇಷ್ಟ್ರೇ, ಬಿಸ್ಲು, ಒಸಿ ನೀರ್ ಕುಡ್ಯಾಣ" ಎಂದು ಈಚೆ ಕರೆದುಕೊಂಡು ಬಂದರು. ವಾಪಸ್ ರೈಲಿನಲ್ಲಿ ಅಪ್ಪ ಅವರಿಗೆ ಕಿಟಕಿ ಪಕ್ಕದ ಸೀಟು ಕೊಟ್ಟರು. ಬಿಡದಿಯಲ್ಲಿ ತಟ್ಟೆ ಇಡ್ಲಿ ಕೊಡಿಸಿದರು. ಮೇಷ್ಟ್ರು ಇಡ್ಲಿಯನ್ನು ಮುಟ್ಟಲಿಲ್ಲ. ರಾಮನಗರ ದಾಟಿದ ಮೇಲೆ ಕೋಟು ಬಿಚ್ಚಿ ಮಡಿಸಿ ತೊಡೆಯ ಮೇಲಿಟ್ಟುಕೊಂಡರು, ಅಷ್ಟೇ.

ಮರುದಿನದಿಂದ ಗಾಡಿ ತಳ್ಳುವುದು ಶುರುವಾಯಿತು.

ಅಯ್ಯೋ, ಅದರಿಂದ ಆದ ಅವಾಂತರ ಒಂದೆರಡಲ್ಲ! ಸೀಟು ಸಿಗದಿದ್ದದ್ದು ನಮ್ಮ ಮನೆಯವರಿಗೆ, ಮೇಷ್ಟ್ರಿಗೆ ಮಾತ್ರ ಗೊತ್ತಿದ್ದ ವಿಷಯ. ಮೇಷ್ಟ್ರು ನಾಚಿಕೆಪಟ್ಟು ಪಟ್ಟು ಅದನ್ನು ಇಡೀ ಬೀದಿಗೆ ಡಂಗುರ ಹೊಡೆದರು. ಗಿರಣಿಯವರು ಕೇಳಿದರು, ಎದುರುಮನೆಯವರು ಕೇಳಿದರು. ಹೆಣ್ಣುಮಗಳಿರುವ ಮನೆ ಮುಂದೆ ಆವಯ್ಯ ದಿನಾ ಯಾಕೆ ಇಳಿಯುತ್ತಾನೆ ಎಂದು ಒಂದಿಬ್ಬರು ಬೇರೆಯೇ ಕಥೆ ಕಟ್ಟಲು ಹೊರಟರು. ಅವ್ವ ಹೆದರಿಹೋದಳು. ಯಾರು ಕೇಳಿದರೂ, "ಗಾಡಿ ಕೆಟ್ಟೋಯ್ತದೆ ಕಣಕ್ಕ, ಇಲ್ಗೆ ಬಂದ್ ಬಂದು ನಿಂತೋಯ್ತದೆ" ಎನ್ನುತ್ತಿದ್ದಳು. ಒಳಗೆ ಬಂದು ನನ್ನ ಮೇಲೆ ರೇಗುತ್ತಿದ್ದಳು: "ನಿಮ್ ಮೇಷ್ಟ್ರಿಗೆ ಏಳಮ್ಮಿ, ಮಾನ ಹೋಯ್ತಾ ಐತೆ ಅಂತ!"

ನಾನು ಹೇಗೆ ಹೇಳಲಿ? ಅವರನ್ನು ಕಂಡರೆ ಬಾಗಿಲ ಹಿಂದೆ ಬಚ್ಚಿಟ್ಟುಕೊಳ್ಳುತ್ತಿದ್ದೆ. ಕೊನೆಗೆ ಅಪ್ಪನೇ ಒಂದು ದಿನ ರಸ್ತೆಗಿಳಿದು ಸ್ಕೂಟರಿಗೆ ಅಡ್ಡ ನಿಂತರು. "ಮೇಷ್ಟ್ರೇ, ದಮ್ಮಯ್ಯ, ಹತ್ಕೊಂಡ್ ಹೋಗಿ. ನೀವಿಂಗ್ ಮಾಡುದ್ರೆ ನಮ್ಗೆ ಒಂತರಾ ಆಯ್ತದೆ" ಎಂದರು. ಮೇಷ್ಟ್ರು ತಲೆಯೆತ್ತಲಿಲ್ಲ. "ಆಗಕಿಲ್ಲ ಕಣಯ್ಯ. ಒಂದು ಸರ್ತಿ ಕೂತ್ಕೊಂಡೇ ಹೋಗವ ಅಂತ ನೋಡ್ದೆ. ಈ ಬಾಗ್ಲು ಮುಂದೆ ಸೀಟ್ ಮೇಲೆ ಕೂರಕ್ಕೆ ಮನ್ಸು ಒಪ್ಪಕಿಲ್ಲ" ಎಂದು ಹೇಳಿ ತಳ್ಳಿಕೊಂಡು ಹೊರಟೇಬಿಟ್ಟರು.

ಆದರೆ ಬರೀ ಗಾಡಿ ತಳ್ಳಿಕೊಂಡು ಕೂತವರಲ್ಲ ಅವರು. ಬೇರೆ ಪರೀಕ್ಷಾ ಬೋರ್ಡಿನ ಮೂಲಕ ಗಣಿತ ಒಂದನ್ನೇ ಪ್ರತ್ಯೇಕವಾಗಿ ಕಟ್ಟಿ ಪಾಸು ಮಾಡಬಹುದೆಂದು, ಅದನ್ನು ಒಪ್ಪುವ ಯೂನಿವರ್ಸಿಟಿಗಳಿವೆಯೆಂದು ಯಾರ‍್ಯಾರನ್ನೋ ಕೇಳಿ ತಿಳಿದುಕೊಂಡು ಬಂದರು. ಈ ಸಲ ನಂಬಲಿಲ್ಲ. ಅಂಥ ಒಂದು ಯೂನಿವರ್ಸಿಟಿಗೇ ಹೋಗಿ, ಅಲ್ಲಿಯವರ ಬಾಯಿಂದಲೇ ಕೇಳಿ, ಮತ್ತೊಬ್ಬರ ಹತ್ತಿರವೂ ಕೇಳಿ ಖಾತ್ರಿ ಮಾಡಿಕೊಂಡರು. ತಮ್ಮ ಕಾಲೇಜಿನ ಗಣಿತದ ಮೇಡಂ ಒಬ್ಬರ ಮನೆಯಲ್ಲಿ ನನಗೆ ಪಾಠ ಗೊತ್ತುಮಾಡಿದರು. ಒಂದು ವರ್ಷ ಮನೆಯಲ್ಲಿ ಕೂತೆ. ನನ್ನ ಜೊತೆಯವರು ಡಿಗ್ರಿ ಕಾಲೇಜಿನ ಬ್ಯಾಗು ಹಾಕಿಕೊಂಡು ಬಸ್ ಹತ್ತುವಾಗ ನಾನು ಲೆಕ್ಕದ ಪುಸ್ತಕವನ್ನು ದುಪ್ಪಟ್ಟಾದಲ್ಲಿ ಮುಚ್ಚಿಕೊಂಡು ಸಂದಿಗಳಲ್ಲಿ ಹೋಗುತ್ತಿದ್ದೆ. ಫೇಲಾಗಿದ್ದಾಳೆ ಎಂದು ಜನ ಅಂದುಕೊಂಡರೆ ಅನ್ನುವುದೇ ನನ್ನ ಭಯ.

ಪಾಠದ ಹೊತ್ತಿನಲ್ಲಿ ಮೇಷ್ಟ್ರು ಮೇಡಂ ಮನೆಯ ಜಗಲಿಯಲ್ಲಿ ಕೂತಿರುತ್ತಿದ್ದರು. ಒಳಗೆ ಬನ್ನಿ ಎಂದರೆ ಬರುತ್ತಿರಲಿಲ್ಲ. ಒಂದು ಸಂಜೆ ಮೇಡಂ ರೇಖೆಯ ಇಳಿಜಾರು ಕಂಡುಹಿಡಿಯುವುದನ್ನು ಹೇಳಿಕೊಡುತ್ತಿದ್ದರು. ಇದು ಒಂದಿಷ್ಟು ಹೆಚ್ಚಾದರೆ ಅದು ಎಷ್ಟು ಬದಲಾಗುತ್ತದೆ ಎನ್ನುವ ಲೆಕ್ಕ. ಕಿಟಕಿಯಾಚೆಯಿಂದ ಇದ್ದಕ್ಕಿದ್ದಂತೆ ದನಿ ಬಂತು: "ತಡೀರಿ, ತಡೀರಿ ಮೇಡಂ! ಇದು ನಮ್ದಲ್ವಾ?"

ಚಪ್ಪಲಿಯನ್ನೂ ಬಿಡದೆ ಒಳಗೆ ನುಗ್ಗಿದರು. "ಒಂದು ಮಾವಿನಣ್ಣು ಜಾಸ್ತಿ ಆದ್ರೆ ತೃಪ್ತಿ ಎಷ್ಟು ಬದ್ಲಾಯ್ತದೆ. ಸೀಮಾಂತ ಅಂದ್ರೆ ಇದೇ! ಇಷ್ಟು ವರ್ಷ ನಾನು ಬೋರ್ಡ್ ಮೇಲೆ ಕೈ ಬೀಸ್ಕೊಂಡು ಬರೀತಿದ್ದದ್ದು ಇದನ್ನೇ ಕಣವ್ವ!" ಎಂದು ಚಿಕ್ಕ ಹುಡುಗರ ಹಾಗೆ ನಕ್ಕರು. ಮೇಡಂ ಕೂಡ ನಕ್ಕರು. ಆಮೇಲೆ ಮೇಷ್ಟ್ರ ಮುಖದಲ್ಲಿ ಆ ನಗು ಉಳಿಯಲಿಲ್ಲ. ನಿಂತಲ್ಲೇ ಸಣ್ಣಗಾದರು. "ಗೊತ್ತೇ ಇರ್ಲಿಲ್ಲ ನಂಗೆ" ಎಂದು ಹೇಳಿ ಮತ್ತೆ ಜಗಲಿಗೆ ಹೋದರು. ಅವತ್ತು ನಾನು ಲೆಕ್ಕ ಮುಗಿಸಿ ಈಚೆ ಬರುವ ಹೊತ್ತಿಗೆ ಅವರು ಹೊರಟುಹೋಗಿದ್ದರು.

ಗಣಿತ ಪಾಸಾಯಿತು. ಎಂಟ್ರೆನ್ಸ್ ಬರೆದೆ. ಅರ್ಥಶಾಸ್ತ್ರದ ಆನರ್ಸಿಗೆ ಸೀಟು ಸಿಕ್ಕಿತು. ಫೋನಿನಲ್ಲಿ ಆಯ್ಕೆ ಪಟ್ಟಿ ತೆರೆದು ನನ್ನ ಹೆಸರು ನೋಡಿದ ಕೂಡಲೇ ನಾನು ಮೊದಲು ಮಾಡಿದ ಕೆಲಸವೆಂದರೆ ಗಿರಣಿಯ ಹತ್ತಿರ ಹೋಗಿ ನಿಂತದ್ದು. ಮೇಷ್ಟ್ರು ಬಂದರು, ಅಭ್ಯಾಸದಂತೆ ಇಂಜಿನ್ ಆರಿಸಲು ಹೋದರು. "ಸಾರ್, ಸೀಟ್ ಸಿಕ್ತು! ಇಳೀಬೇಡಿ! ಹತ್ಕೊಂಡೇ ಹೋಗಿ!" ಎಂದು ಕೂಗಿದೆ. ಬೀದಿಗೆಲ್ಲ ಕೇಳಲಿ ಎಂದೇ ಕೂಗಿದೆ. ಅವರು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡು, ಗಾಡಿಯ ಮೇಲೆ ನೆಟ್ಟಗೆ ಕೂತು, ನಮ್ಮ ಮನೆ ಮುಂದೆ ಹಾರ್ನ್ ಒತ್ತಿಕೊಂಡೇ ಹೋದರು. ಅಪ್ಪ ಅವ್ವ ಇಬ್ಬರೂ ಬಾಗಿಲಿಗೆ ಬಂದು ನಿಂತಿದ್ದರು. ಸದ್ಯ, ಎಲ್ಲ ಮುಗಿಯಿತು ಎಂದುಕೊಂಡೆ.

ಡಿಗ್ರಿ ಮುಗಿಸಿ, ಎಂ.ಎ. ಮುಗಿಸಿ ನಾನು ಅದೇ ಪಿಯು ಕಾಲೇಜಿಗೆ ಅತಿಥಿ ಉಪನ್ಯಾಸಕಿಯಾಗಿ ಬಂದೆ. ಅದು ಮೇಷ್ಟ್ರ ನಿವೃತ್ತಿಯ ವರ್ಷ. ಅಷ್ಟರಲ್ಲಿ ಅವರು ಅಡ್ಮಿಷನ್ ದಿನಗಳಲ್ಲಿ ಪ್ರಿನ್ಸಿಪಾಲರ ಪಾಲಿಗೆ ದೊಡ್ಡ ತಲೆನೋವಾಗಿದ್ದರು. ಒಂದೊಂದು ಮಗುವನ್ನೂ ಪಕ್ಕಕ್ಕೆ ಕರೆದು, "ಮುಂದೆ ಏನ್ ಓದ್ಬೇಕು ಅಂತಿದ್ದೀಯ?" ಎಂದು ಕೇಳಿ, ಓದುವ ಆಸೆ ಇದ್ದವರಿಗೆಲ್ಲ ಗಣಿತ ಬರೆಸುತ್ತಿದ್ದರು. "ರಿಸಲ್ಟ್ ಬಿದ್ದೋಯ್ತದೆ ರೀ" ಎಂದು ಪ್ರಿನ್ಸಿಪಾಲರು ಕಿರುಚಿದರೆ, "ಬೀಳ್ಲಿ ಬುಡಿ ಸಾರ್, ಬ್ಯಾನರ್ ಇನ್ನೊಂದ್ ವರ್ಷ ಕಟ್ಟನಂತೆ" ಎನ್ನುತ್ತಿದ್ದರು.

ನಾನು ಕೆಲಸಕ್ಕೆ ಸೇರುವ ದಿನ ಅವರೇ ಮನೆಗೆ ಬಂದು ಸ್ಕೂಟರಿನ ಹಿಂದೆ ಕೂರಿಸಿಕೊಂಡರು. ನನಗೆ ಹೆಮ್ಮೆಯೋ ಹೆಮ್ಮೆ. ಮಾಮೂಲಿ ದಾರಿ ಬಿಟ್ಟು ಒಂದು ಅಡ್ಡರಸ್ತೆಗೆ ತಿರುಗಿದರು. ಸ್ವಲ್ಪ ದೂರ ಹೋದವರು ಇಂಜಿನ್ ಆರಿಸಿದರು. "ಇಳಿಯವ್ವ, ಒಸಿ ನಡ್ಯಾಣ."

ನನಗೆ ಮೊದಲು ಹೊಳೆಯಲಿಲ್ಲ. ಪೆಟ್ರೋಲ್ ಮುಗಿಯಿತೇನೋ ಎಂದುಕೊಂಡು ಹಿಂದಿನಿಂದ ನಾನೂ ಕೈ ಹಾಕಿದೆ. ಒಂದು ಮನೆಯ ಜಗಲಿಯಲ್ಲಿ ಹೊಲಿಗೆ ಮೆಷಿನ್ ಇತ್ತು. ಅದರ ಹಿಂದೆ ಕೂತಿದ್ದ ಹೆಂಗಸು ಎದ್ದು ನಿಂತು ಕೈಮುಗಿದು, "ಇವತ್ತೂ ಕೆಟ್ಟೋಯ್ತಾ ಸಾರ್? ಒಳ್ಳೆ ಮೆಕ್ಯಾನಿಕ್ಕಿಗೆ ತೋರ್ಸಿ ಸಾರ್. ಒಸಿ ಕೂತ್ಕೊಳಿ, ಮಜ್ಗೆ ತತ್ತೀನಿ" ಎಂದರು.

"ಬ್ಯಾಡ ಕಣವ್ವ ಭಾಗ್ಯ, ಟೇಮಾಯ್ತು. ಗಾಡಿ ಹಳೇದು, ಏನ್ ಮಾಡಾದು?" ಎಂದರು ಮೇಷ್ಟ್ರು, ನೆಲ ನೋಡುತ್ತಾ.

ತಿರುವು ದಾಟಿದ ಮೇಲೆ ನಾನು ಕೇಳಲಿಲ್ಲ, ಅವರೇ ಹೇಳಿದರು. ಭಾಗ್ಯ ಅವರ ಹಳೇ ವಿದ್ಯಾರ್ಥಿನಿ. ನನಗಿಂತ ಎಷ್ಟೋ ವರ್ಷ ಹಿಂದಿನವರು. ನನಗಿಂತ ಚುರುಕು. ಅವರೂ ಗಣಿತ ಕೇಳಿದ್ದರು, ಅವರಿಗೂ ಮೇಷ್ಟ್ರು ಅದೇ ಮಾತು ಹೇಳಿ ಹೆಬಾ ಕೊಡಿಸಿದ್ದರು. "ನಿನ್ ಜೊತೆ ನಾನೂ ಬಂದಿದ್ದೆ, ಅದ್ಕೆ ನಂಗ್ ಗೊತ್ತಾಯ್ತು. ಇವ್ಳು ಆನರ್ಸ್ ಸೀಟ್‌ಗೆ ಅಂತ ಒಬ್ಳೇ ಹೋಗಿದ್ಲು ಕಣವ್ವ. ಅರ್ಜಿ ವಾಪಸ್ ಬಂತು. ಯಾಕೆ ಅಂತ ಯಾರೂ ಏಳ್ಲಿಲ್ಲ. ನಂಗೇ ತಲೆ ಸಾಲ್ದು ಸಾರ್ ಅಂತ ಬಂದು ಅತ್ಲು. ನಾನೂ ಸಮಾಧಾನ ಮಾಡ್ದೆ. ಹೋಗ್ಲಿ ಬುಡವ್ವ, ಎಲ್ರಿಗೂ ಎಲ್ಲಾನೂ ಬರಕಿಲ್ಲ ಅಂದ್ಬುಟ್ಟೆ."

"ಈಗಾದರೂ ಹೇಳಿಬಿಡಿ ಸಾರ್" ಎಂದೆ.

"ಏಳ್ತೀನಿ. ನಾನೇ ಏಳ್ತೀನಿ. ಬಾಯಿಗ್ ಬರಕಿಲ್ಲ ಕಣವ್ವ" ಎಂದರು. "ಇವ್ಳೊಬ್ಳೇ ಅಂತ ತಿಳ್ಕೊಂಡಿದ್ದೀಯಾ? ಆ ಕಡೆ ಬೀದಿಲಿ ಒಬ್ಳವ್ಳೆ. ಕೋಡಿಹಳ್ಳಿಲಿ ಒಬ್ಳವ್ಳೆ, ಅಲ್ಲಿಗ್ ಹೋದಾಗ್ಲೂ ಇಳೀತೀನಿ."

ಗಿರಣಿಯ ಹತ್ತಿರ ನಿಂತು ಹತ್ಕೊಂಡೇ ಹೋಗಿ ಎಂದು ಕೂಗಿದ್ದೆನಲ್ಲ, ಅದು ನೆನಪಾಗಿ ನನ್ನ ಮುಖ ಉರಿದುಹೋಯಿತು. ನಮ್ಮ ಮನೆ ಒಂದೇ ಎಂದುಕೊಂಡಿದ್ದೆ ನಾನು. ನನಗೆ ಸೀಟು ಸಿಕ್ಕಿತು, ಅವರ ನಾಚಿಕೆ ಮುಗಿಯಿತು ಎಂದು ಎಷ್ಟು ಸುಲಭವಾಗಿ ಲೆಕ್ಕ ಹಾಕಿಬಿಟ್ಟಿದ್ದೆ!

ಮೇಷ್ಟ್ರು ನಿವೃತ್ತರಾದರು. ಕಾರ್ಯಕ್ರಮದಲ್ಲಿ ಶಾಲು ಹೊದಿಸಿ ಅವರನ್ನು ಹೊಗಳಿದಷ್ಟೂ ಕುರ್ಚಿಯಲ್ಲಿ ಕುಗ್ಗುತ್ತಾ ಹೋದರು. ಆಮೇಲೂ ಸ್ಕೂಟರ್ ಬಿಡಲಿಲ್ಲ, ಭಾಗ್ಯಕ್ಕನ ಮನೆ ಮುಂದೆ ಇಳಿಯುವುದನ್ನೂ ಬಿಡಲಿಲ್ಲ. ಹೇಳಿದಿರಾ ಸಾರ್ ಎಂದು ಕಣ್ಣಲ್ಲೇ ಕೇಳಿದರೆ ಬೇರೆ ಕಡೆ ನೋಡುತ್ತಿದ್ದರು. ಹೋದ ಚಳಿಗಾಲದಲ್ಲಿ ಊರಿಗೆಂದು ಹೋದವರು ಅಲ್ಲೇ ಎದೆನೋವು ಬಂದು ತೀರಿಕೊಂಡರು. ಮಣ್ಣಿಗೆ ನಾನು ಹೋಗಿದ್ದೆ, ಭಾಗ್ಯಕ್ಕನೂ ಬಂದಿದ್ದರು. ನನಗಿಂತ ಹೆಚ್ಚು ಅತ್ತವರು ಅವರು.

ಮೊನ್ನೆ ಒಂದು ರವಿಕೆ ಹೊಲಿಸಲು ಅವರ ಮನೆಗೆ ಹೋದೆ. ಅವರ ಮಗಳು ಎಸ್ಸೆಸ್ಸೆಲ್ಸಿ ಮುಗಿಸಿ ಮನೆಯಲ್ಲಿದ್ದಳು. ಭಾಗ್ಯಕ್ಕ ಅಳತೆ ಟೇಪನ್ನು ಕೊರಳಿಗೆ ಹಾಕಿಕೊಳ್ಳುತ್ತಾ, "ನೀನು ಬಂದದ್ದು ಒಳ್ಳೇದಾಯ್ತು ಕಣವ್ವ. ಇವ್ಳು ನಿನ್ ತರ ಎಕನಾಮಿಕ್ಸ್ ಓದ್ಬೇಕು ಅಂತಾಳೆ. ಪಿಯುಸಿಲಿ ಹೆಬಾನೇ ಕೊಡ್ಸವಾ ಅಂತ. ನಮ್ ಸಾರ್ ಏಳ್ತಿದ್ರಲ್ಲ, ಅದು ಜನಗಳ ಪಾಠ, ಲೆಕ್ಕದ ಪಾಠ ಅಲ್ಲ ಅಂತ" ಎಂದರು. ಆ ಮಾತು ಹೇಳುವಾಗ ಅವರ ಮುಖದಲ್ಲಿ ಎಂಥ ಪ್ರೀತಿಯಿತ್ತು!

"ಬೇಡ ಅಕ್ಕ, ಮ್ಯಾಥ್ಸ್ ತಗೊಳ್ಲಿ" ಎಂದೆ.

"ಯಾಕವ್ವ? ಇಲ್ದಿದ್ರೆ ಕಷ್ಟ ಆಯ್ತದಾ?"

"ಕಷ್ಟ ಅಲ್ಲ ಅಕ್ಕ. ಮ್ಯಾಥ್ಸ್ ಇಲ್ದಿದ್ರೆ ಅರ್ಜಿನೇ ತಗೊಳಲ್ಲ. ಎಷ್ಟ್ ಮಾರ್ಕ್ಸ್ ಬಂದಿದ್ರೂ ವಾಪಸ್ ಕಳಿಸ್ತಾರೆ."

ಭಾಗ್ಯಕ್ಕ ಮೆಷಿನ್ನಿನ ಮೇಲಿದ್ದ ಬಟ್ಟೆಯನ್ನು ಮಡಿಸಿದರು, ಮತ್ತೆ ಬಿಡಿಸಿದರು.

"ನಮ್ ಕಾಲ್ದಲ್ಲೂ ಅಂಗೇ ಇತ್ತಾ?"

ನಾನೇ ಹೇಳುತ್ತೇನೆ ಎಂದಿದ್ದ ಮನುಷ್ಯ ಮಣ್ಣಾಗಿದ್ದರು. ಅವರ ಹೆಸರಿಗೆ ಮಸಿ ಬಳಿಯಲು ನನಗೆ ಬಾಯಿ ಬರಲಿಲ್ಲ. ಆದರೆ ಭಾಗ್ಯಕ್ಕನ ಕಣ್ಣು ನೋಡಿಕೊಂಡು ಸುಳ್ಳು ಹೇಳಲೂ ಆಗಲಿಲ್ಲ. ಹೂಂ ಅಂದೆ.

ಅವರು ಜಗಲಿಯಿಂದ ರಸ್ತೆಯ ಕಡೆ ನೋಡಿದರು. ಮೇಷ್ಟ್ರು ಇಳಿಯುತ್ತಿದ್ದ ಜಾಗ, ಮತ್ತೆ ಹತ್ತುತ್ತಿದ್ದ ತಿರುವು.

"ಅದ್ಕೇ ಇಳೀತಿದ್ರಾ ಸಾರು?"

ನಾನು ತಲೆ ತಗ್ಗಿಸಿದೆ. ಈಗ ಬೈಯುತ್ತಾರೆ, ಅಳುತ್ತಾರೆ, ಇಷ್ಟು ವರ್ಷ ನೀನ್ಯಾಕೆ ಬಾಯಿ ಬಿಡಲಿಲ್ಲ ಎಂದು ನನ್ನ ಕೊರಳಪಟ್ಟಿ ಹಿಡಿಯುತ್ತಾರೆ ಎಂದುಕೊಂಡೆ. ಭಾಗ್ಯಕ್ಕ ಅದೇನನ್ನೂ ಮಾಡಲಿಲ್ಲ. ಮಗಳಿಗೆ ಕೇಳಿಸದಷ್ಟು ಮೆಲ್ಲಗೆ, ಹೆದರಿ ಹೆದರಿ ಕೇಳಿದರು:

"ಅಂಗಾರೆ ನಾನು ದಡ್ಡಿ ಆಗಿರ್ಲಿಲ್ಲ ಅನ್ನವ್ವ?"